ಹನ್ನೆರಡು ವಾಲ್ವುಗಳ ಇಂಗ್ಲಿಷು

ಆಸ್ಪತ್ರೆಯ ಹಿಂದುಗಡೆ, ಬಟ್ಟೆ ಒಗೆಯುವ ವಿಭಾಗಕ್ಕೂ ಅಡುಗೆಮನೆಗೂ ನಡುವೆ ಬಾಯ್ಲರ್ ಮನೆ ಇತ್ತು. ಆರುನೂರು ಹಾಸಿಗೆಯ ಆಸ್ಪತ್ರೆಗೆ ಬೇಕಾದ ಹಬೆಯೆಲ್ಲ ಅಲ್ಲಿಂದಲೇ ಹೋಗಬೇಕು. ಹಬೆ ನಿಂತರೆ ಹೊದಿಕೆಗಳು ಒದ್ದೆಯಾಗೇ ಉಳಿಯುತ್ತವೆ, ರೋಗಿಗಳ ಊಟ ಬೇಯುವುದಿಲ್ಲ, ಆಪರೇಷನ್ನಿನ ಕತ್ತರಿ ಚಿಮಟಗಳು ಶುದ್ಧವಾಗುವುದಿಲ್ಲ. ಹೀಗಿದ್ದೂ ದಿನಕ್ಕೆ ಬಂದುಹೋಗುವ ಸಾವಿರ ಜನರಲ್ಲಿ ಒಬ್ಬರಿಗೂ ಇಲ್ಲೊಂದು ಬಾಯ್ಲರ್ ಇದೆ ಅಂತ ಗೊತ್ತಿರಲಿಲ್ಲ. ದೊಡ್ಡ ಡಾಕ್ಟರಿಗೆ ಗೊತ್ತಿತ್ತೋ ಇಲ್ಲವೋ, ಅದೂ ಅನುಮಾನವೇ.

ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಆ ಕೋಣೆ ಮೇಷ್ಟ್ರ ಕೈಯಲ್ಲಿ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವರು. ಆದರೆ ಯಾರು ಏನೇ ಮಾಡುತ್ತಿರಲಿ, 'ಹಾಗಲ್ಲ ಅದು, ಇಲ್ಲಿ ಕೊಡು' ಅನ್ನುವ ಚಟ. ಆ ಚಟಕ್ಕೆ ಅಂಟಿಕೊಂಡ ಹೆಸರು ಅದು. ಎರಡರಿಂದ ಹತ್ತರವರೆಗಿನ ಪಾಳಿ ಸೈಲೆನ್ಸರನದು. ಅವನೇನು ಮೂಗನಲ್ಲ, ಮಾತು ಖರ್ಚು ಮಾಡಲು ಮನಸ್ಸು ಬಾರದ ಮನುಷ್ಯ, ಅಷ್ಟೆ. ಮಗಳು ಹುಟ್ಟಿದ ದಿನ ಅವನು ಕೆಲಸಕ್ಕೆ ಬಂದು ಮೇಷ್ಟ್ರಿಗೆ ಹೇಳಿದ್ದು 'ಹೆಣ್ಣು' ಅನ್ನುವ ಒಂದೇ ಪದ. ಹತ್ತು ಗಂಟೆಯ ನಂತರ ಬಾಯ್ಲರಿನ ಉರಿ ತಗ್ಗಿಸಿ, ಮಿಕ್ಕಿದ್ದನ್ನು ಆಸ್ಪತ್ರೆಯ ಯಂತ್ರಗಳನ್ನೆಲ್ಲ ಗಮನಿಸುವ ಕಂಟ್ರೋಲ್ ರೂಮಿನವರು ತಮ್ಮ ಕೋಣೆಯಲ್ಲೇ ಕೂತು ನೋಡಿಕೊಳ್ಳುತ್ತಿದ್ದರು.

ಪಾಳಿ ಬದಲಾಗುವಾಗ ಈ ಇಬ್ಬರದೂ ಒಂದು ಪದ್ಧತಿ ಇತ್ತು. ಬರೆದದ್ದನ್ನು ನಂಬಬಾರದು, ಮುಟ್ಟಿ ಒಪ್ಪಿಸಬೇಕು. ಹನ್ನೆರಡು ವಾಲ್ವು. ಪ್ರತಿಯೊಂದರ ಚಕ್ರದ ಮೇಲೂ ಹೋಗುವವನು ಕೈಯಿಡಬೇಕು, ಬರುವವನು ಅವನ ಕೈಯ ಮೇಲೆ ತನ್ನ ಕೈಯಿಡಬೇಕು, ಅದು ಎಷ್ಟು ತೆರೆದಿದೆ ಅಂತ ಒಬ್ಬ ಹೇಳಬೇಕು, ಇನ್ನೊಬ್ಬ ಒಪ್ಪಬೇಕು. ಆಮೇಲಷ್ಟೇ ಕೆಳಗಿನ ಕೈ ಆಚೆ. ಇಪ್ಪತ್ತೆರಡು ವರ್ಷ ಹೇಳಿದವರು ಮೇಷ್ಟ್ರೇ, 'ಹೂಂ' ಅಂದವನು ಸೈಲೆನ್ಸರನೇ. ಆ 'ಹೂಂ' ಕೇಳಿ ಹೊರಟರೆ ಮೇಷ್ಟ್ರು ಮತ್ತೆ ತಿರುಗಿ ನೋಡುತ್ತಿರಲಿಲ್ಲ. ಅವನು ರಜೆಯಲ್ಲಿದ್ದು ಬೇರೆ ಯಾರಿಗಾದರೂ ಒಪ್ಪಿಸಿ ಬಂದ ದಿನ ಮಾತ್ರ ಮನೆಯಲ್ಲಿ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೂರು ಸಲ ಫೋನ್ ಮಾಡಿ ಆ ಬಡಪಾಯಿಯ ಜೀವ ತೆಗೆಯುತ್ತಿದ್ದರು.

ಆಸ್ಪತ್ರೆಯ ಆಡಳಿತ ಹೊಸ ಕಂಪನಿಯ ಕೈಗೆ ಹೋದ ಮೇಲೆ ಗೋಡೆಗೊಂದು ನೋಟೀಸು ಬಂತು. ಕಂಟ್ರೋಲ್ ರೂಮಿನಲ್ಲಿ ಈಗ ಎಲ್ಲೆಲ್ಲಿಂದಲೋ ಬಂದವರಿದ್ದಾರೆ, ಅವರಿಗೆ ಇಲ್ಲಿನ ಮಾತು ಬರುವುದಿಲ್ಲ. ಆದ್ದರಿಂದ ಬಾಯ್ಲರ್ ಮನೆಯವರು ಏನೇ ಇದ್ದರೂ ಫೋನಿನಲ್ಲಿ ಇಂಗ್ಲಿಷಿನಲ್ಲೇ ಹೇಳಬೇಕು. ಆರು ವಾರದ ನಂತರ ಬಾಯಿಮಾತಿನ ಪರೀಕ್ಷೆ. ಹತ್ತು ಪ್ರಶ್ನೆ, ಏಳು ಸರಿಯಾಗಬೇಕು. ಆಗದವರನ್ನು ಗೇಟಿನ ಹತ್ತಿರ ಗಾಡಿಗಳಿಗೆ ಜಾಗ ತೋರಿಸುವ ಕೆಲಸಕ್ಕೆ ಹಾಕಲಾಗುವುದು. ಸಂಬಳ ಅದೇ, ಜಾಗ ಬೇರೆ.

ನೋಟೀಸಿನ ಜೊತೆ ಒಂದು ಹಾಳೆ ಇತ್ತು. ಅದರಲ್ಲಿದ್ದ ವಾಕ್ಯಗಳಲ್ಲಿ ಮುಕ್ಕಾಲು ಪಾಲು ಒಂದೇ ಪದದ ಸಂಸಾರ: ಟರ್ನ್ ಆನ್, ಟರ್ನ್ ಆಫ್, ಟರ್ನ್ ಅಪ್, ಟರ್ನ್ ಡೌನ್, ಟರ್ನ್ ಓವರ್, ಟರ್ನ್ ಬ್ಯಾಕ್, ಟರ್ನ್ ಇನ್, ಟರ್ನ್ ಅವೇ.

ಮೇಷ್ಟ್ರು ಹಾಳೆ ನೋಡಿದರು, ಸೈಲೆನ್ಸರನ ಮುಖ ನೋಡಿದರು. ತಮ್ಮ ಬಗ್ಗೆ ಅವರಿಗೆ ಚಿಂತೆಯಿರಲಿಲ್ಲ; ತಪ್ಪೋ ಒಪ್ಪೋ ಏನಾದರೂ ಒದರಿಯಾರು. ಆದರೆ ತನ್ನ ಭಾಷೆಯಲ್ಲೇ ದಿನಕ್ಕೆ ಹತ್ತು ಮಾತಾಡದ ಈ ಮನುಷ್ಯ ಬೇರೊಂದು ಭಾಷೆಯಲ್ಲಿ ಬಾಯಿ ಬಿಡುವುದೆಂದರೇನು? ಇವನು ಗೇಟಿಗೆ ಹೋದರೆ ಎರಡು ಗಂಟೆಗೆ ನನ್ನ ಕೈ ಮೇಲೆ ಯಾರು ಕೈಯಿಡುತ್ತಾರೆ? ಅವರಿಗೆ ನಿಜಕ್ಕೂ ಭಯವಾಯಿತು.

"ಹೆದರ್ಕೋಬೇಡ, ನಾನು ಕಲಿಸ್ತೀನಿ," ಅಂದರು.

"ನಿಮಗೆ ಯಾರು ಕಲಿಸ್ತಾರೆ?" ಅಂದ ಸೈಲೆನ್ಸರ್. ಆ ತಿಂಗಳಲ್ಲಿ ಅವನು ಆಡಿದ ಅತಿ ಉದ್ದನೆಯ ಮಾತು ಅದೇ ಇರಬೇಕು.

ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಮಾತ್ರ ಮೇಷ್ಟ್ರಿಗೆ ರುಚಿಸುವಂಥದ್ದಲ್ಲ. ಅವರ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೇ, ಹೆಂಡತಿಯ ತಾಯಿ. ಮೂವತ್ತೆಂಟು ವರ್ಷ ಸಾಹೇಬರುಗಳ ಕಾಗದ ಟೈಪ್ ಮಾಡಿ ನಿವೃತ್ತಳಾದ ಹೆಂಗಸು. ಎಪ್ಪತ್ತಾರಾದರೂ ಬೆರಳು ಇನ್ನೂ ಸುಮ್ಮನಿರುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಟಕಟಕ ಅಂತ ಏನೋ ಹೊಡೆಯುತ್ತಲೇ ಇರುತ್ತಿದ್ದವು. ಹತ್ತು ವರ್ಷದಿಂದ ಮಗಳ ಮನೆಯಲ್ಲೇ ಇದ್ದರೂ ಅಳಿಯನಿಗೆ ಎದುರು ಮಾತಾಡಿದವಳಲ್ಲ. ಅಳಿಯನೂ ಹಾಗೇ, ಬಲು ಮರ್ಯಾದಸ್ಥ. ಆ ಮರ್ಯಾದೆ ಪಾಠದ ಮೊದಲನೇ ದಿನವೇ ಕಿತ್ತುಹೋಯಿತು.

"ಟರ್ನ್ ಅಂದ್ರೆ ತಿರುಗಿಸು," ಮೇಷ್ಟ್ರು ತಾವೇ ಶುರುಮಾಡಿದರು. "ಅಷ್ಟು ಗೊತ್ತು ನನಗೆ. ಆನ್, ಆಫ್ ಸರಿ. ಆದ್ರೆ ಲಾಗ್ ಬುಕ್ ಒಪ್ಪಿಸೋದಕ್ಕೆ ಟರ್ನ್ ಇನ್ ಅಂತೆ. ಬುಕ್ ಒಪ್ಪಿಸೋದ್ರಲ್ಲಿ ತಿರುಗೋದೇನಿದೆ? ಬಂದವರನ್ನ ವಾಪಸ್ ಕಳಿಸೋದಕ್ಕೆ ಟರ್ನ್ ಅವೇ ಅಂತೆ. ಬುದ್ಧಿ ಇದೆಯಾ ಈ ಭಾಷೆಗೆ?"

ಅತ್ತೆಯ ಬೆರಳು ನಿಂತಿತು. "ನಮ್ಮ ಭಾಷೆಗೆ ಇದೆಯಾ ಬುದ್ಧಿ?"

"ಯಾಕಿಲ್ಲ?"

"ಗೋಡೆಗೆ ಬಣ್ಣ ಹೊಡೀತೀವಿ. ಚಕ್ಕರ್ ಹೊಡೀತೀವಿ. ಹರಟೆ ಹೊಡೀತೀವಿ. ಕಣ್ಣು ಹೊಡೀತಾರೆ ಕೆಲವರು. ನೀವು ಮಧ್ಯಾಹ್ನ ಬಂದು ಗೊರಕೆ ಹೊಡೀತೀರಲ್ಲ, ಯಾರಿಗೆ ಹೊಡೀತೀರಿ? ಏಟು ಬಿದ್ದದ್ದು ಯಾರಿಗೆ?"

ಒಳಗಿನಿಂದ ಹೆಂಡತಿ ನಕ್ಕಿದ್ದು ಕೇಳಿಸಿತು.

"ಯಾಕೆ ಅಂತ ಕೇಳಬೇಡಿ. ಪದ ಒಂಟಿಯಾಗಿದ್ದಾಗ ಒಂದು, ಜೋಡಿ ಸಿಕ್ಕಿದ ಮೇಲೆ ಇನ್ನೊಂದು. ಮದುವೆಯಾದ ಗಂಡಸಿನ ಹಾಗೆ. ಜೋಡಿ ಸಮೇತ ಬಾಯಿಪಾಠ ಮಾಡಿ," ಅಂದಳು ಅತ್ತೆ.

ಆಕೆಯ ಪಾಠಕ್ಕೆ ಪುಸ್ತಕವಿರಲಿಲ್ಲ. ದಿನಾ ನಾಲ್ಕು ಗಂಟೆಗೆ ಕುರ್ಚಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುವುದು, ಅಳಿಯ ಎದ್ದು ಆ ಕೆಲಸ ಮಾಡಿ, ಮಾಡಿದ್ದನ್ನು ಇಂಗ್ಲಿಷಿನಲ್ಲಿ ಹೇಳುವುದು. ಫ್ಯಾನು ಆನ್, ರೇಡಿಯೋ ಅಪ್, ಒಲೆ ಡೌನ್, ನಲ್ಲಿ ಆಫ್. ಬಾಗಿಲಿಗೆ ಬಂದ ಸೋಪಿನ ಮಾರಾಟಗಾರನನ್ನು ಟರ್ನ್ ಅವೇ ಮಾಡುವ ಕೆಲಸವೂ ಒಂದು ದಿನ ಅಳಿಯನಿಗೇ ಬಿತ್ತು. ಎರಡೇ ದಿನದಲ್ಲಿ ಹೆಂಡತಿಗೂ ಇದರ ಅನುಕೂಲ ಹೊಳೆಯಿತು. ಮದುವೆಯಾದಾಗಿನಿಂದ ಅಡುಗೆಮನೆಗೆ ಕಾಲಿಡದ ಗಂಡ ಈಗ ಹಾಲು ಉಕ್ಕುವ ಹೊತ್ತಿಗೆ ಓಡಿಬಂದು "ಟರ್ನ್ ಡೌನ್, ಟರ್ನ್ ಡೌನ್" ಅನ್ನುತ್ತಾ ಉರಿ ತಗ್ಗಿಸುತ್ತಿದ್ದರು.

ಒಂದು ತಪ್ಪನ್ನು ಮಾತ್ರ ಅತ್ತೆಗೆ ತಿದ್ದಲಾಗಲಿಲ್ಲ. ಟರ್ನ್ ಆನ್ ಅಂದಕೂಡಲೇ ಮೇಷ್ಟ್ರ ಬಾಯಿಂದ "ಆ್ಯಂಡ್ ಕ್ವಾರ್ಟರ್ ಬ್ಯಾಕ್" ಅಂತ ಬಾಲ ಬರುತ್ತಿತ್ತು.

"ವಾಕ್ಯ ಮುಗೀತಲ್ಲ, ಮತ್ತೆ ಯಾಕೆ ಹಿಂದೆ ಬರ್ತೀರಿ?"

"ವಾಲ್ವ್ ಪೂರ್ತಿ ತೆಗೆದು ಹಾಗೇ ಬಿಡಬಾರದು, ಅತ್ತೆ. ಕಾಲು ಸುತ್ತು ಹಿಂದಕ್ಕೆ ತರಬೇಕು. ಇಲ್ಲಾಂದ್ರೆ ಬಿಸಿಗೆ ಹಿಗ್ಗಿ ಕಚ್ಕೊಂಡುಬಿಡುತ್ತೆ. ಆಮೇಲೆ ಮುಚ್ಚೋಕೆ ಹೋದ್ರೆ ನಮ್ಮಪ್ಪ ಬಂದ್ರೂ ಆಗಲ್ಲ."

"ಇದು ಫ್ಯಾನಿನ ಸ್ವಿಚ್ಚು."

"ಅಭ್ಯಾಸ," ಅಂದರು ಮೇಷ್ಟ್ರು. ಅತ್ತೆ ಕೈಚೆಲ್ಲಿದಳು.

ಇವತ್ತು ಮನೆಯಲ್ಲಿ ಕಲಿತದ್ದನ್ನು ನಾಳೆ ಎರಡು ಗಂಟೆಗೆ ಮೇಷ್ಟ್ರು ಸೈಲೆನ್ಸರನಿಗೆ ದಾಟಿಸುತ್ತಿದ್ದರು. ಅದಕ್ಕೆಂದು ಬೇರೆ ಹೊತ್ತೇನೂ ಇರಲಿಲ್ಲ. ಕೈ ಮೇಲೆ ಕೈಯಿಟ್ಟು ಹನ್ನೆರಡು ವಾಲ್ವು ಸುತ್ತುವಾಗಲೇ ಪಾಠ. ಮೂರನೆಯದು ಅಡುಗೆಮನೆಯ ಕೊಳವೆ, ಅದಕ್ಕೆ ಟರ್ನ್ ಡೌನ್. ಆರನೆಯದು ಬಟ್ಟೆ ವಿಭಾಗದ್ದು, ಟರ್ನ್ ಅಪ್. ಎಂಟನೆಯದರ ಪಕ್ಕದ ಪಂಪನ್ನು ಚಾಲೂ ಮಾಡುವ ಮುಂಚೆ ಕೈಯಲ್ಲೇ ಒಂದು ಸುತ್ತು ಹಾಕಬೇಕು, ಅದು ಟರ್ನ್ ಓವರ್. ಹನ್ನೆರಡನೆಯದು ಮೇನ್ ವಾಲ್ವ್, ಲಾರಿಯ ಸ್ಟಿಯರಿಂಗಿನಷ್ಟು ಅಗಲದ ಚಕ್ರ. ಎಲ್ಲಾದರೂ ಕೊಳವೆ ಒಡೆದರೆ ಅದನ್ನು ಮುಚ್ಚಿಯೇ ಇಡೀ ಆಸ್ಪತ್ರೆಗೆ ಹೋಗುವ ಹಬೆಯನ್ನು ತಡೆಯಬೇಕು. ಇಲ್ಲದಿದ್ದರೆ ವರ್ಷಗಟ್ಟಲೆ ಅದರ ತಂಟೆಗೆ ಯಾರೂ ಹೋಗುವುದಿಲ್ಲ. ಅದಕ್ಕೆ ಟರ್ನ್ ಆಫ್.

ಮೊದಲ ವಾರ ಸೈಲೆನ್ಸರ್ ಎಲ್ಲದಕ್ಕೂ "ಹೂಂ" ಅಂದ. ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು.

"ಹೂಂ ಅನ್ನೋದು ಇಂಗ್ಲಿಷಲ್ಲ ಕಣೋ! ಗೇಟಿನ ಹತ್ರ ಬಿಸಿಲಲ್ಲಿ ಸೀಟಿ ಊದ್ಕೊಂಡು ನಿಂತ್ಕೋತೀಯಾ? ಬಾಯಿ ಬಿಡು!"

ಎರಡನೇ ವಾರ ಒಂದು ಮಧ್ಯಾಹ್ನ, ಮೂರನೇ ವಾಲ್ವಿನ ಮೇಲೆ ಕೈಯಿಟ್ಟು, ಸೈಲೆನ್ಸರ್ "ಟರ್ನ್ ಡೌನ್" ಅಂದ. ಧ್ವನಿ ತುಕ್ಕು ಹಿಡಿದಂತಿತ್ತು, ಆದರೆ ಪದ ಸ್ಪಷ್ಟವಾಗಿತ್ತು. ಮೇಷ್ಟ್ರಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಅಡುಗೆಮನೆಯ ಕಿಟಕಿಯವರೆಗೂ ಓಡಿಹೋಗಿ ಎರಡು ಲೋಟ ಟೀ ತಂದರು. ಆಮೇಲೆ ಸೈಲೆನ್ಸರ್ ದಿನಕ್ಕೊಂದರಂತೆ ಹೇಳುತ್ತಾ ಹೋದ. ಐದನೇ ವಾರದ ಕೊನೆಗೆ ಹನ್ನೆರಡೂ ಅವನ ಬಾಯಲ್ಲಿ ನಿಂತವು. ಒಂದು ದಿನ ಮೇಷ್ಟ್ರು ಬೇಕೆಂದೇ ಐದನೆಯದಕ್ಕೆ ತಪ್ಪು ಹೇಳಿದರೆ, ಅವನು ಕೈ ತೆಗೆಯದೆ ನಿಂತು, "ಅಪ್," ಅಂತ ತಿದ್ದಿದ. ಮೇಷ್ಟ್ರು ಆ ಸಂಜೆ ಅತ್ತೆಯ ಮುಂದೆ ಬೀಗಿದ್ದೇ ಬೀಗಿದ್ದು.

"ಶಿಷ್ಯ ಗುರುವನ್ನ ಮೀರಿಸ್ತಾನೆ ಅನ್ನಿ," ಅಂದಳು ಅತ್ತೆ.

"ಕಲಿಸಿದ್ದು ಯಾರು?"

"ನಾನು," ಅಂದಳು ಆಕೆ, ಮೇಜು ಬಡಿಯುತ್ತಾ.

ಪರೀಕ್ಷೆ ಬಾಯ್ಲರ್ ಮನೆಯಲ್ಲೇ ನಡೆಯುತ್ತದೆ ಅಂತ ಇಬ್ಬರೂ ಅಂದುಕೊಂಡಿದ್ದರು. ಅಂದುಕೊಂಡದ್ದಕ್ಕೆ ಕಾರಣವೇನೂ ಇಲ್ಲ, ಬಾಯ್ಲರಿನವರ ಪರೀಕ್ಷೆ ಬೇರೆಲ್ಲಿ ನಡೆದೀತು ಅನ್ನುವ ಧೈರ್ಯ. ಆದರೆ ಅವತ್ತು ಬೆಳಗ್ಗೆ ಹನ್ನೊಂದಕ್ಕೆ ಕರೆ ಬಂದದ್ದು ಮೂರನೇ ಮಹಡಿಯ ಆಫೀಸಿಗೆ. ಕಂಟ್ರೋಲ್ ರೂಮಿನ ಒಬ್ಬನನ್ನು ಬಾಯ್ಲರಿನ ಹತ್ತಿರ ಕೂರಿಸಿ, ಮೇಷ್ಟ್ರೂ ಪರೀಕ್ಷೆಗೆಂದು ಬೇಗ ಬಂದಿದ್ದ ಸೈಲೆನ್ಸರನೂ ಕೈತೊಳೆದು ಮೇಲೆ ಹೋದರು. ತಣ್ಣನೆಯ ಕೋಣೆ, ನೆಲಕ್ಕೆ ಕಾರ್ಪೆಟ್ಟು, ಉದ್ದನೆಯ ಮೇಜು. ಮೇಜಿನ ಮೇಲೆ ಲ್ಯಾಪ್‌ಟಾಪು, ಒಂದು ಬಾಟಲಿ ನೀರು. ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಪರೀಕ್ಷೆ ಮಾಡಲು ಬಂದಾಕೆಗೆ ಮೂವತ್ತೈದು ಇರಬಹುದು. ಒಳ್ಳೆಯ ಹೆಂಗಸು, ನಗುತ್ತಾ ಕೂರಿಸಿದಳು. ಇಲ್ಲಿನ ಭಾಷೆಯ ಒಂದಕ್ಷರವೂ ಆಕೆಗೆ ಬರುತ್ತಿರಲಿಲ್ಲ. ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸಿ, ಹೀಗಾದರೆ ನೀವೇನು ಮಾಡುತ್ತೀರಿ ಅಂತ ಇಂಗ್ಲಿಷಿನಲ್ಲಿ ಕೇಳುವುದು, ಇವರು ಉತ್ತರ ಹೇಳುವುದು.

ಮೇಷ್ಟ್ರು ಮೊದಲು ಕೂತರು. ಹತ್ತರಲ್ಲಿ ಒಂಬತ್ತು ಸರಿಹೋಯಿತು. ಕ್ವಾರ್ಟರ್ ಬ್ಯಾಕ್ ಅಂದಾಗ ಆಕೆ ಯಾಕೆ ಅಂತ ಕೇಳಿದಳು. ಮೇಷ್ಟ್ರು ಇದ್ದಬದ್ದ ಇಂಗ್ಲಿಷನ್ನೆಲ್ಲ ಗುಡ್ಡೆ ಹಾಕಿ ವಿವರಿಸಿದರು. ಆಕೆ ಅದನ್ನು ಬರೆದುಕೊಂಡಳು. ಮೇಷ್ಟ್ರು ಪಕ್ಕದ ಕುರ್ಚಿಗೆ ಸರಿದರು.

ಸೈಲೆನ್ಸರನಿಗೆ ಮೊದಲ ಚಿತ್ರ ಬಂತು. ಅಡುಗೆಮನೆಯ ಕೊಳವೆ, ಒತ್ತಡ ಹೆಚ್ಚಾಗಿದೆ. ಅವನು ಚಿತ್ರ ನೋಡಿದ. ಬಲಗೈ ಮೇಜಿನಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತು. ಬೆರಳುಗಳು ಇಲ್ಲದ ಚಕ್ರವನ್ನು ಹುಡುಕಿದವು. ಮಾತು ಬರಲಿಲ್ಲ. ಆಕೆ ಎರಡನೇ ಚಿತ್ರಕ್ಕೆ ಹೋದಳು, ಅದಕ್ಕೂ ಕೈ ಮಾತ್ರ ಎದ್ದಿತು. ಮೂರನೆಯದಕ್ಕೂ ಹಾಗೇ. ಇನ್ನೊಂದು ತಪ್ಪಿದರೆ ಮುಗಿಯಿತು. ಆಕೆ ಪೆನ್ನು ಕೆಳಗಿಟ್ಟು ನೀರಿನ ಬಾಟಲಿಯನ್ನು ಅವನತ್ತ ಸರಿಸಿದಳು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತವರು ಮಾತಾಡುವ ಹಾಗಿಲ್ಲ ಅಂತ ಆಕೆ ಮೊದಲೇ ಹೇಳಿದ್ದಳು. ಅವರು ಮಾತಾಡಲಿಲ್ಲ. ತಮ್ಮ ಎಡಗೈ ಮುಷ್ಟಿ ಕಟ್ಟಿ ಮೇಜಿನ ಮೇಲೆ ಅವನ ಮುಂದಕ್ಕೆ ಚಾಚಿದರು, ಅಷ್ಟೆ.

ಸೈಲೆನ್ಸರ್ ಆ ಮುಷ್ಟಿ ನೋಡಿದ. ಅದರ ಮೇಲೆ ಕೈಯಿಟ್ಟ. "ಟರ್ನ್ ಡೌನ್ ದಿ ಕಿಚನ್ ಲೈನ್," ಅಂದ.

ಆಕೆ ಒಂದು ಗಳಿಗೆ ಇಬ್ಬರನ್ನೂ ನೋಡಿ, ನಕ್ಕು, ಮುಂದುವರಿಸಿ ಅಂದಳು. ಮೊದಲ ಚಿತ್ರಕ್ಕೇ ಮತ್ತೆ ಬಂದು ಎಲ್ಲವನ್ನೂ ಹೊಸದಾಗಿ ಕೇಳಿದಳು. ಮೇಷ್ಟ್ರ ಮುಷ್ಟಿ ಅಡುಗೆಮನೆಯ ಕೊಳವೆಯಾಯಿತು, ಬಟ್ಟೆ ವಿಭಾಗದ್ದಾಯಿತು, ಪಂಪಾಯಿತು. ಅವನು ಅದನ್ನು ಎಡಕ್ಕೆ ತಿರುಗಿಸುವನು, ಬಲಕ್ಕೆ ತಿರುಗಿಸುವನು, ಪ್ರತಿಸಲವೂ ಗಟ್ಟಿಯಾಗಿ ವಾಕ್ಯ ಹೇಳುವನು. ಐದು, ಆರು, ಏಳು. ಮೇಷ್ಟ್ರಿಗೆ ಕುಣಿಯಬೇಕು ಅನ್ನಿಸಿತು. ಎಂಟು, ಒಂಬತ್ತು.

ಹತ್ತನೆಯದು ಮೇನ್ ವಾಲ್ವ್. ಕೊಳವೆ ಒಡೆದ ಚಿತ್ರ, ಸುತ್ತ ಬಿಳಿ ಹಬೆ. ಸೈಲೆನ್ಸರ್ ಎರಡೂ ಕೈಯಿಂದ ಮೇಷ್ಟ್ರ ಮುಷ್ಟಿ ಹಿಡಿದ. ಇಷ್ಟು ಹೊತ್ತು ಸಡಿಲ ಬಿಟ್ಟಿದ್ದ ಮುಷ್ಟಿಯನ್ನು ಬಿಗಿದು ಮೇಷ್ಟ್ರು ನೋವಿಗೆ ಸಿದ್ಧರಾಗಿ ಹಲ್ಲು ಕಚ್ಚಿದರು. ಮೇನ್ ವಾಲ್ವ್ ಮುಚ್ಚಬೇಕಾದರೆ ಮೈಯಲ್ಲಿರುವ ಬಲವನ್ನೆಲ್ಲ ಹಾಕಬೇಕು, ಇವನು ಹಾಕಿಯೇ ಹಾಕುತ್ತಾನೆ. "ಟರ್ನ್ ಆಫ್ ದಿ ಮೇನ್ ವಾಲ್ವ್," ಅಂದು ಅವನು ತಿರುಗಿಸಿದ. ಅವನ ಕತ್ತಿನ ನರ ಉಬ್ಬಿತು, ಹಣೆಯಲ್ಲಿ ಬೆವರೂ ಬಂತು. ಮೇಷ್ಟ್ರ ಮುಷ್ಟಿ ಇದ್ದಲ್ಲೇ ಇತ್ತು.

ಅವನು ಬಲ ಹಾಕುತ್ತಿದ್ದಾನೆ ಅನ್ನುವುದು ಮುಖದಲ್ಲಿ ಕಾಣುತ್ತಿತ್ತು, ಕೈಗೆ ತಿಳಿಯುತ್ತಿರಲಿಲ್ಲ. ಸೈಲೆನ್ಸರನ ಹೆಬ್ಬೆರಳು ಮೇಷ್ಟ್ರ ಮುಷ್ಟಿಯನ್ನು ಒತ್ತುತ್ತಲೇ ಇರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಸಾಕಾಗುವಷ್ಟು ಬಲ ಅದು, ಅದಕ್ಕಿಂತ ಹೆಚ್ಚಿರಲಿಲ್ಲ. ಇಪ್ಪತ್ತೆರಡು ವರ್ಷ ಈ ಕೈ ಮೇಷ್ಟ್ರ ಕೈಯ ಮೇಲೆ ದಿನಾ ಹನ್ನೆರಡು ಸಲ ಕೂತು ಎದ್ದಿದೆ, ಆದರೆ ಕೂತದ್ದಷ್ಟೇ. ಅದು ತಿರುಗಿಸುವುದನ್ನು ಅವರು ಯಾವ ಕಾಲದಲ್ಲಿ ನೋಡಿದ್ದರೋ. ಕಳೆದ ವರ್ಷದಿಂದ ಬಾಯ್ಲರಿನ ಹಿಂದಿನ ಮೂಲೆಯಲ್ಲಿ ಎರಡಡಿ ಕಬ್ಬಿಣದ ಪೈಪೊಂದು ಒರಗಿರುತ್ತಿತ್ತು. ಪ್ಲಂಬರು ಮರೆತು ಹೋದದ್ದು ಅಂದುಕೊಂಡಿದ್ದರು. ಚಿಕ್ಕ ವಾಲ್ವುಗಳ ಚಕ್ರಕ್ಕೆ ಅದನ್ನು ಸಿಕ್ಕಿಸಿದರೆ ಬಲವಿಲ್ಲದ ಕೈಯಲ್ಲೂ ತಿರುಗಿಸಬಹುದು. ಮೇನ್ ವಾಲ್ವಿಗೆ ಅದು ಸಾಲದು.

ಮೇಷ್ಟ್ರು ತಲೆಯೆತ್ತಿದರು. ಸೈಲೆನ್ಸರ್ ಅವರನ್ನೇ ನೋಡುತ್ತಿದ್ದ. ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು.

ಪರೀಕ್ಷೆ ಮಾಡಿದಾಕೆ ಹಾಳೆಯ ಮೇಲೆ ಟಿಕ್ ಹಾಕಿ, ಹತ್ತಕ್ಕೆ ಹತ್ತು ಅಂದಳು. ಇಬ್ಬರೂ ಪಾಸು. ಎದ್ದು ನಿಂತು ಕೈಕುಲುಕಲು ಕೈ ಚಾಚಿದಳು. ಮೇಷ್ಟ್ರು ಎದ್ದರು. ಸೈಲೆನ್ಸರ್ ಏಳಲಿಲ್ಲ.

"ಮೇಷ್ಟ್ರೇ, ಇವರಿಗೆ ಹೇಳಿ. ಮೇನ್ ವಾಲ್ವ್ ನನ್ನ ಕೈಲಿ ಮುಚ್ಚೋಕಾಗಲ್ಲ."

"ಹುಚ್ಚು ಹಿಡೀತಾ? ಏಳು," ಅಂದರು ಮೇಷ್ಟ್ರು ಹಲ್ಲಿನ ಸಂದಿಯಲ್ಲಿ. "ಪಾಸಾಗಿದೀಯ. ಮಿಕ್ಕಿದ್ದು ಕೆಳಗೆ ಹೋಗಿ ಮಾತಾಡೋಣ."

"ಒಂದು ವರ್ಷ ಆಯ್ತು. ನರದ್ದು. ವಾಸಿಯಾಗಲ್ಲ ಅಂದಿದಾರೆ."

"ಹಾಗಿದ್ರೆ ಈ ಇಂಗ್ಲಿಷು ಯಾಕೆ ಕಲಿತೆ? ಆರು ವಾರ ನನ್ನ ಪ್ರಾಣ ಯಾಕೆ ತಿಂದೆ?"

ಸೈಲೆನ್ಸರ್ ತನ್ನ ಕೈ ನೋಡಿಕೊಂಡ. "ಬಾಯಿ ಬರಲ್ಲ ಅಂತ ಗೇಟಿಗೆ ಹಾಕಿದ್ರು ಅನ್ನಿಸ್ಕೊಳ್ಳೋದು ಬೇಡಾಗಿತ್ತು. ಪಾಸಾಗಿ, ಆಮೇಲೆ ಸುಮ್ಮನೆ ಹೇಗೋ ನಡೆಸ್ಕೊಂಡು ಹೋಗೋಣ ಅಂತಿದ್ದೆ. ಆದ್ರೆ ಈಗ ನಿಮಗೆ ಗೊತ್ತಾಯ್ತು. ಗೊತ್ತಿದ್ದೂ ನನಗೆ ಒಪ್ಪಿಸಿ ಹೋದ್ರೆ ನಿಮಗೆ ಅನ್ನ ಸೇರಲ್ಲ. ಹೇಳಿ."

ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ಮೇಷ್ಟ್ರು ಎಂದೂ ಕೇಳಿರಲಿಲ್ಲ. ಅವರಿಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದನ್ನೂ ತೋರಿಸುವ ಜಾಗವಲ್ಲ ಅದು. ಆಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅವನೇನು ಹೇಳುತ್ತಿದ್ದಾನೆ ಅಂತ ಕೇಳಿದಳು.

ಮೇಷ್ಟ್ರು ಯೋಚನೆ ಮಾಡಲಿಲ್ಲ. ನಗುಮುಖ ತಂದುಕೊಂಡು, "ಹೀ ಕ್ಯಾನ್ ಟರ್ನ್ ಆಫ್ ದಿ ಮೇನ್ ವಾಲ್ವ್, ಮೇಡಂ," ಅಂದರು. "ವೆರಿ ಹ್ಯಾಪಿ."

ಆಕೆ ಗುಡ್ ಅಂದಳು. ಸೈಲೆನ್ಸರ್ ಅಲ್ಲವೆಂದು ತಲೆಯಾಡಿಸಿದ.

"ಕ್ಯಾನ್ ಅಲ್ಲ, ಮೇಷ್ಟ್ರೇ," ಅಂದ ಮೆಲ್ಲಗೆ. "ನೀವೇ ಕಲಿಸಿದ್ದಲ್ಲವಾ."

ಅವನ ತುಟಿ ಪದಗಳನ್ನು ಜೋಡಿಸಿಕೊಳ್ಳುತ್ತಿದ್ದುದು ಮೇಷ್ಟ್ರಿಗೆ ಕಾಣಿಸಿತು. ಇನ್ನರ್ಧ ನಿಮಿಷ ಬಿಟ್ಟರೆ ತಾನೇ ಹೇಳಿಬಿಡುತ್ತಾನೆ. ತನ್ನನ್ನು ಗೇಟಿಗೆ ಕಳಿಸುವ ವಾಕ್ಯವನ್ನು ತನ್ನ ಬಾಯಿಂದಲೇ, ಅದೂ ಆರು ವಾರ ಕಷ್ಟಪಟ್ಟು ಕಲಿತ ಬಾಯಿಂದ. ಅದು ಬೇಡ. ಇಷ್ಟು ವರ್ಷ ಇಬ್ಬರ ಪರವಾಗಿ ಮಾತಾಡಿದವನು ನಾನು, ಇದೊಂದನ್ನು ಅವನ ತಲೆಗೆ ಕಟ್ಟಬಾರದು ಅನ್ನಿಸಿತು ಮೇಷ್ಟ್ರಿಗೆ.

ಅವರು ಮತ್ತೆ ಕುರ್ಚಿಯಲ್ಲಿ ಕೂತರು. ಮುಷ್ಟಿ ಇನ್ನೂ ಬಿಗಿದೇ ಇತ್ತು, ಅದನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡರು.

"ಸಾರಿ, ಮೇಡಂ," ಅಂದರು. "ಹೀ ಕೆನಾಟ್ ಟರ್ನ್ ಆಫ್ ದಿ ಮೇನ್ ವಾಲ್ವ್."

ತಣ್ಣನೆ ಗಾಳಿಯ ಯಂತ್ರದ ಸದ್ದಿನಲ್ಲಿ ಆಕೆಗೆ ಸರಿಯಾಗಿ ಕೇಳಿಸಲಿಲ್ಲ. ಮುಂದಕ್ಕೆ ಬಾಗಿ, ಇನ್ನೊಂದು ಸಲ ಹೇಳಿ ಅಂದಳು.

ಮೇಷ್ಟ್ರು ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳಿದರು.